ಸಾಲಗಾಮೆ ರಸ್ತೆಯ ದೊಡ್ಡ ತಟ್ಟೆಗಳು, ಜೊತೆಗೆ ಇನ್ನಷ್ಟು ಪ್ರಶ್ನೆಗಳು

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ದಂಡಿಗನಹಳ್ಳಿ ಹೋಬಳಿ ಮತ್ತು ಅದರ ಸುತ್ತಲಿನ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯವು. ಕೇಳಿರುವುದು ಈಚಿನ ವಿಜ್ಞಾನ ಸುದ್ದಿಗಳ ಬಗ್ಗೆ. ಆದರೆ ಕೇಳಿದವರು ತೋಟದ ಬದುವಿನಲ್ಲಿ, ಅಡುಗೆಮನೆಯಲ್ಲಿ, ಶಾಲೆಯ ಅಂಗಳದಲ್ಲಿ ನಿಂತು ಕೇಳಿದ್ದಾರೆ. ಅಂಥ ಪ್ರಶ್ನೆಗೆ ಉತ್ತರ ಬರೆಯುವುದು ನನಗೆ ಬಹಳ ಇಷ್ಟದ ಕೆಲಸ.

ಪ್ರಶ್ನೆ: ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ದೊಡ್ಡ ದೊಡ್ಡ ತಟ್ಟೆ ಆಂಟೆನಾಗಳಿವೆ. ಚಂದ್ರಯಾನವನ್ನೂ ಅಲ್ಲಿಂದಲೇ ನಡೆಸಿದರು ಎನ್ನುತ್ತಾರೆ ನಮ್ಮೂರಿನವರು. ನಿಜವೇ? ಅಲ್ಲಿ ದಿನವೂ ಏನು ಕೆಲಸ ಇರುತ್ತದೆ?

ಉತ್ತರ: ಚಂದ್ರಯಾನದ ಉಸ್ತುವಾರಿ ಅಲ್ಲಿನದಲ್ಲ. ಅದನ್ನು ನೋಡಿಕೊಂಡದ್ದು ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ಟ್ರಾಕ್ ಕೇಂದ್ರ, ಬ್ಯಾಲಾಳುವಿನ ಭಾರಿ ಆಂಟೆನಾದ ನೆರವಿನಿಂದ. ಹಾಸನದ್ದು ಬೇರೆ ಬಗೆಯ ಕೆಲಸ, ಅದಕ್ಕೆ ಬಿಡುವೆಂಬುದೇ ಇಲ್ಲ. ಭೂಮಿಯಿಂದ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹ ಭೂಮಿಯ ವೇಗಕ್ಕೆ ಸರಿಯಾಗಿ ಸುತ್ತುತ್ತದೆ. ಹಾಗಾಗಿ ಕೆಳಗಿನಿಂದ ನೋಡಿದರೆ ಒಂದೇ ಜಾಗದಲ್ಲಿ ನಿಂತಂತೆ ಕಾಣುತ್ತದೆ. ನಿಮ್ಮ ಮನೆಯ ಡಿಶ್ ಆಂಟೆನಾವನ್ನು ಒಮ್ಮೆ ತಿರುಗಿಸಿ ಬಿಗಿದರೆ ಸಾಕಾಗುವುದು ಇದೇ ಕಾರಣಕ್ಕೆ. ಆದರೆ ಸೂರ್ಯ ಚಂದ್ರರ ಸೆಳೆತ ಆ ಉಪಗ್ರಹವನ್ನು ದಿನದಿನವೂ ಚೂರುಚೂರು ಸರಿಸುತ್ತಿರುತ್ತದೆ. ಸರಿದದ್ದನ್ನು ಲೆಕ್ಕಹಾಕಿ, ಅದರ ಪುಟ್ಟ ಎಂಜಿನ್‌ಗಳನ್ನು ಕ್ಷಣಕಾಲ ಉರಿಸಿ ಮತ್ತೆ ತನ್ನ ಜಾಗಕ್ಕೆ ತರುವುದು ಹಾಸನದ ಮುಖ್ಯ ನಿಯಂತ್ರಣ ಕೇಂದ್ರ, ಅಂದರೆ ಎಂಸಿಎಫ್. ಇಂಧನ ಮುಗಿಯುತ್ತ ಬಂದ ಉಪಗ್ರಹವನ್ನು ಇನ್ನಷ್ಟು ಮೇಲಕ್ಕೆ ತಳ್ಳಿ, ಬೇರೆಯವಕ್ಕೆ ಅಡ್ಡಬರದ ಹಾದಿಯಲ್ಲಿ ಬಿಡುವುದೂ ಅವರದೇ ಹೊಣೆ. 2005ರಿಂದ ಭೋಪಾಲದಲ್ಲಿ ಇಂಥದೇ ಎರಡನೆಯ ಕೇಂದ್ರವಿದೆ.

ಈ ಕೇಂದ್ರದ ಬದುಕು ಶುರುವಾದದ್ದೇ ಕಷ್ಟದಿಂದ. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ ಅದೇ ಸೆಪ್ಟೆಂಬರ್‌ನಲ್ಲಿ ಕೈತಪ್ಪಿಹೋಯಿತು. ಮರುವರ್ಷ ಆಗಸ್ಟ್ 30ರಂದು ಅಮೆರಿಕದ ಚಾಲೆಂಜರ್ ನೌಕೆಯಲ್ಲಿ ಹೋದ ಇನ್ಸಾಟ್-1ಬಿಯ ಸೌರಫಲಕ ಬಿಚ್ಚಿಕೊಳ್ಳದೆ ಮೊಂಡು ಹಿಡಿಯಿತು. ಸೆಪ್ಟೆಂಬರ್ ನಡುವಿನವರೆಗೂ ಪಟ್ಟುಬಿಡದೆ ದುಡಿದು ಅದನ್ನು ಬಿಡಿಸಿದರು. ಎಂಬತ್ತರ ದಶಕದಲ್ಲಿ ಹಳ್ಳಿಹಳ್ಳಿಗೆ ದೂರದರ್ಶನ ಬಂದದ್ದು ಆ ಉಪಗ್ರಹದ ಬೆನ್ನೇರಿ.

ಈಚಿನ ಎರಡು ಸುದ್ದಿಗಳನ್ನು ಈ ಹಿನ್ನೆಲೆಯಲ್ಲಿ ನೋಡಿ. 2025ರ ಜನವರಿ 29ರಂದು ಶ್ರೀಹರಿಕೋಟಾದ ನೂರನೆಯ ಉಡಾವಣೆಯಲ್ಲಿ ಎನ್‌ವಿಎಸ್-02 ಎಂಬ, ದಾರಿ ತೋರುವ ನಾವಿಕ್ ಸರಣಿಯ ಉಪಗ್ರಹ ಹಾರಿತು. ರಾಕೆಟ್ ತನ್ನ ಕೆಲಸ ಸರಿಯಾಗಿ ಮುಗಿಸಿತು, ಸೌರಫಲಕಗಳೂ ಬಿಚ್ಚಿಕೊಂಡವು. ಆದರೆ ಎಂಜಿನ್‌ಗೆ ಆಕ್ಸಿಡೈಸರ್ ಹರಿಸಬೇಕಿದ್ದ ಕವಾಟ ತೆರೆಯಲಿಲ್ಲ, ಉಪಗ್ರಹ ಮೇಲಿನ ಕಕ್ಷೆಗೆ ಏರಲೇ ಇಲ್ಲ. ಅದೇ ವರ್ಷ ನವೆಂಬರ್ 2ರಂದು ಎಲ್‌ವಿಎಂ3 ರಾಕೆಟ್ ಸುಮಾರು 4,400 ಕಿಲೋ ತೂಕದ ಸಿಎಂಎಸ್-03 ಉಪಗ್ರಹವನ್ನು ಒಯ್ದು ಬಿಟ್ಟಿತು. ನಮ್ಮ ನೆಲದಿಂದ ಭೂಸ್ಥಿರ ವರ್ಗಾವಣೆ ಕಕ್ಷೆಗೆ ಹೋದ ಅತಿ ಭಾರದ ಉಪಗ್ರಹ ಅದು. ಟಿವಿಯವರು ರಾಕೆಟ್ ಹಾರಿದ ಹದಿನೆಂಟು ಇಪ್ಪತ್ತು ನಿಮಿಷಕ್ಕೆ ಚಪ್ಪಾಳೆ ತಟ್ಟಿ ಮುಗಿಸುತ್ತಾರೆ. ಉಪಗ್ರಹ ತನ್ನ ಜಾಗ ಸೇರುತ್ತದೋ ಇಲ್ಲವೋ ಎಂಬ ನಿಜವಾದ ಆತಂಕ ಹಾಸನದಲ್ಲಿ ಆಮೇಲೆ ದಿನಗಟ್ಟಲೆ ಇರುತ್ತದೆ. ಆ ದಿನಗಳೂ ಸುದ್ದಿಯಾಗಬೇಕು ಎಂದು ನನ್ನ ಆಸೆ.

ಪ್ರಶ್ನೆ: ಮೊಬೈಲ್‌ನಲ್ಲಿ ಮಳೆ ಎಂದು ತೋರಿಸುತ್ತದೆ. ಪಕ್ಕದ ಊರಿಗೆ ಸುರಿಯುತ್ತದೆ, ನಮ್ಮ ರಾಗಿ ಹೊಲ ಒಣಗಿರುತ್ತದೆ. ಈಗ ಹೊಸ ಮುನ್ಸೂಚನಾ ವ್ಯವಸ್ಥೆ ಬಂದಿದೆಯಂತೆ. ನಂಬಿ ಬಿತ್ತನೆ ಮಾಡಬಹುದೇ?

ಉತ್ತರ: ನೀವು ಹೇಳುತ್ತಿರುವುದು ಭಾರತ್ ಫೋರ್‌ಕಾಸ್ಟಿಂಗ್ ಸಿಸ್ಟಂ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಕಟ್ಟಿದ ಇದು 2025ರ ಮೇ 26ರಂದು ಬಳಕೆಗೆ ಬಂತು. ಮುನ್ಸೂಚನೆ ಲೆಕ್ಕಹಾಕುವ ಸೂಪರ್ ಕಂಪ್ಯೂಟರ್ ಇಡೀ ಭೂಮಿಯನ್ನು ಚೌಕಗಳಾಗಿ ಹೆಚ್ಚಿಕೊಂಡು, ಒಂದೊಂದು ಚೌಕಕ್ಕೆ ಒಂದೊಂದು ಉತ್ತರ ಕೊಡುತ್ತದೆ. ಮೊದಲು ಚೌಕದ ಬದಿ 12 ಕಿಲೋಮೀಟರ್ ಇತ್ತು, ಈಗ 6 ಕಿಲೋಮೀಟರ್. ಅಂದರೆ 144 ಚದರ ಕಿಲೋಮೀಟರಿಗೆ ಸಿಗುತ್ತಿದ್ದ ಒಂದು ಉತ್ತರ ಈಗ 36 ಚದರ ಕಿಲೋಮೀಟರಿಗೆ ಸಿಗುತ್ತದೆ. ಇದು ನಿಜಕ್ಕೂ ದೊಡ್ಡ ಹೆಜ್ಜೆ.

ಆದರೂ ಬಲೆಯ ಕಣ್ಣಿಗಿಂತ ಸಣ್ಣ ಮೀನು ನುಸುಳಿಯೇ ನುಸುಳುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಒಂದು ಮೋಡದ ಅಗಲ ಕೆಲವೇ ಕಿಲೋಮೀಟರ್. ಅದು ಯಾವ ಊರಿನ ನೆತ್ತಿಯ ಮೇಲೆ ಒಡೆಯುತ್ತದೆ ಎಂದು ಮೂರು ದಿನ ಮೊದಲೇ ಹೇಳುವುದು ಈ ಲೆಕ್ಕಕ್ಕೂ ನಿಲುಕದು. ಮುಂಗಾರು ಬಲವಾಗಿ ಬೀಸುವಾಗ, ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ಬರುವ ಮಳೆ ಹಾಗಲ್ಲ. ಅದು ಜಿಲ್ಲೆಗಟ್ಟಲೆ ಹರಡಿಕೊಂಡಿರುತ್ತದೆ, ಅದರ ಮುನ್ಸೂಚನೆಯನ್ನು ಹೆಚ್ಚು ನಂಬಬಹುದು. ಮಳೆ ಯಾವ ಬಗೆಯದು ಎಂದು ಮೊದಲು ಕೇಳಿ, ಆಮೇಲೆ ನಂಬಿಕೆಯ ಮಾತು. ಬಿತ್ತನೆಗೆ ಅದಕ್ಕಿಂತ ಮುಖ್ಯವಾದದ್ದು ಮಣ್ಣಿನ ಹದ, ಅದನ್ನು ನಿಮ್ಮ ಕೈಯೇ ಹೇಳುತ್ತದೆ.

ಇನ್ನೊಂದು ಮಾತು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿಯೇ ಮಳೆ ಅಳೆಯುವ ಮಾಪಕಗಳಿವೆ. ಕಾಲುಗಂಟೆಗೊಮ್ಮೆ ಲೆಕ್ಕ ಯಲಹಂಕದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿನ ವರುಣಮಿತ್ರ ಸಹಾಯವಾಣಿಗೆ ಯಾವ ಹೊತ್ತಿನಲ್ಲಾದರೂ ಕರೆಮಾಡಿ, ಪಂಚಾಯಿತಿಯ ಹೆಸರು ಹೇಳಿ ಕೇಳಬಹುದು. ಇನ್ನು ಮೋಡದ ಚಿತ್ರ ಕಳಿಸುವ ಇನ್ಸಾಟ್-3ಡಿಆರ್ ಮತ್ತು 2024ರ ಫೆಬ್ರವರಿ 17ರಂದು ಹಾರಿದ ಇನ್ಸಾಟ್-3ಡಿಎಸ್, ಎರಡರ ಲಗಾಮೂ ಸಾಲಗಾಮೆ ರಸ್ತೆಯವರ ಕೈಯಲ್ಲಿದೆ.

ಪ್ರಶ್ನೆ: 2025ರ ಬೇಸಿಗೆಯಿಂದ ನನ್ನ ಎದೆಯಲ್ಲಿ ಒಂದೇ ಭಯ. ಹಾಸನದಲ್ಲಿ ಹುಡುಗರು ಕುಳಿತಲ್ಲೇ ಹೃದಯಾಘಾತದಿಂದ ಸತ್ತರು ಎಂದು ದಿನವೂ ಸುದ್ದಿ ಬರುತ್ತಿತ್ತು. ನನ್ನ ಮಗ ಗಾಡಿ ಓಡಿಸುತ್ತಾನೆ, ಊಟ ನಿದ್ದೆಗೆ ಹೊತ್ತುಗೊತ್ತಿಲ್ಲ. ಕೋವಿಡ್ ಲಸಿಕೆಯಿಂದ ಹೀಗಾಗುತ್ತಿದೆ ಎಂದು ಕೆಲವರು ಹೇಳುತ್ತಾರೆ. ನಮ್ಮ ಜಿಲ್ಲೆಗೆ ಏನಾಗಿದೆ?

ಉತ್ತರ: ತಾಯಿ, ಆ ತಿಂಗಳುಗಳಲ್ಲಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ತಪಾಸಣೆಗೆ ನಿಂತ ಸಾಲುಗಳು ನನ್ನ ಕಣ್ಣಿಗೆ ಕಟ್ಟಿದಂತಿವೆ. ನಿಮ್ಮ ಭಯ ಅಸಹಜವಲ್ಲ. ಆದ್ದರಿಂದಲೇ ಇದಕ್ಕೆ ನಿಧಾನವಾಗಿ ಉತ್ತರ ಹೇಳುತ್ತೇನೆ.

ಸರ್ಕಾರ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕರಾದ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಸುದ್ದಿಯಾದ 24 ಸಾವುಗಳನ್ನು ಅದು ಒಂದೊಂದಾಗಿ ಪರಿಶೀಲಿಸಿತು. ನಾಲ್ಕಕ್ಕೆ ಹೃದಯ ಕಾರಣವೇ ಆಗಿರಲಿಲ್ಲ. ಉಳಿದವುಗಳಲ್ಲಿ ಅರ್ಧದಷ್ಟು ಖಚಿತ, ಅರ್ಧದಷ್ಟು ಇರಬಹುದು ಎನ್ನುವಂಥವು. ಹಾಸನದಲ್ಲಿ ಹೃದಯಾಘಾತ ಹಠಾತ್ತನೆ ಏರಿದೆ ಎನ್ನಲು ಆಧಾರ ಸಿಗಲಿಲ್ಲ ಎಂದು 2025ರ ಜುಲೈಯಲ್ಲಿ ವರದಿ ಬಂತು.

ಹಾಗಾದರೆ ನಮಗೆ ಏರಿದಂತೆ ಕಂಡದ್ದೇಕೆ? ನಾನೊಂದು ಸ್ಥೂಲ ಲೆಕ್ಕ ಹಾಕಿ ತೋರಿಸುತ್ತೇನೆ. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನ ಸುಮಾರು 17.76 ಲಕ್ಷ. ರಾಜ್ಯದಲ್ಲಿ ವರ್ಷಕ್ಕೆ ಸಾವಿರಕ್ಕೆ ಆರಕ್ಕೂ ಹೆಚ್ಚು ಮಂದಿ ತೀರಿಕೊಳ್ಳುತ್ತಾರೆ. ಆ ಪ್ರಕಾರ ಜಿಲ್ಲೆಯಲ್ಲಿ ತಿಂಗಳಿಗೆ ಒಂಬೈನೂರರ ಆಸುಪಾಸು. ಭಾರತದಲ್ಲಿ ಕಾಲುಭಾಗಕ್ಕೂ ಹೆಚ್ಚು ಸಾವುಗಳಿಗೆ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯೇ ಕಾರಣ. ಅಂದರೆ ಯಾರೂ ಸುದ್ದಿ ಮಾಡದ ತಿಂಗಳಲ್ಲೂ ಇನ್ನೂರಕ್ಕೂ ಹೆಚ್ಚು ಮನೆಗಳಲ್ಲಿ ಈ ದುಃಖ ಇರುತ್ತದೆ. ಒಂದು ಹಂತದಲ್ಲಿ ಸುದ್ದಿಯವರು ಅದನ್ನು ದಿನವೂ ಎಣಿಸತೊಡಗಿದರು, ಕಳೆದ ವರ್ಷದ ಇದೇ ತಿಂಗಳಲ್ಲಿ ಎಷ್ಟಿತ್ತು ಎಂದು ಯಾರೂ ಪಕ್ಕದಲ್ಲಿ ಬರೆಯಲಿಲ್ಲ. ಸಾವಿನ ಕಾರಣದ ಲೆಕ್ಕ ಪ್ರತಿ ಜಿಲ್ಲೆಯಲ್ಲೂ ತಿಂಗಳು ತಿಂಗಳು ಜನರ ಮುಂದೆ ಇದ್ದಿದ್ದರೆ ಇಷ್ಟೊಂದು ತಾಯಂದಿರು ನಿದ್ದೆಗೆಡಬೇಕಿರಲಿಲ್ಲ. ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಸರ್ಕಾರ ಆಮೇಲೆ ಹೇಳಿದ್ದು ಸರಿಯಾದ ಕ್ರಮ.

ಲಸಿಕೆಯ ವಿಚಾರ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದ 47 ಆಸ್ಪತ್ರೆಗಳಲ್ಲಿ 18ರಿಂದ 45 ವಯಸ್ಸಿನವರ ಹಠಾತ್ ಸಾವುಗಳನ್ನು ಅಧ್ಯಯನ ಮಾಡಿ 2023ರಲ್ಲಿ ಪ್ರಕಟಿಸಿತು. ಲಸಿಕೆಯಿಂದ ಅಪಾಯ ಹೆಚ್ಚಿಲ್ಲ, ಎರಡು ಡೋಸ್ ಪಡೆದವರಲ್ಲಿ ಕಡಿಮೆಯೇ ಇತ್ತು. ಅಪಾಯ ಹೆಚ್ಚಿದ್ದು ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಿಗೆ, ಮನೆತನದಲ್ಲಿ ಹಠಾತ್ ಸಾವು ಇದ್ದವರಿಗೆ, ಸಾವಿಗೆ ಮುನ್ನ ಎರಡು ದಿನಗಳಲ್ಲಿ ವಿಪರೀತ ಕುಡಿದವರಿಗೆ ಅಥವಾ ಮೈಮುರಿಯುವ ಶ್ರಮ ಮಾಡಿದವರಿಗೆ.

ಏರಿಕೆ ಇಲ್ಲ ಎಂದ ಮಾತ್ರಕ್ಕೆ ಅಪಾಯ ಇಲ್ಲವೆಂದಲ್ಲ. ನಮ್ಮ ದಕ್ಷಿಣ ಏಷ್ಯಾದ ಜನರಿಗೆ ಮೊದಲ ಹೃದಯಾಘಾತ ಉಳಿದವರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆ ಎಂಬುದು ಹಳೆಯ, ಗಟ್ಟಿಯಾದ ಸಂಗತಿ. ಮಗನಿಗೆ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಒಮ್ಮೆ ನೋಡಿಸಿ. ಬೀಡಿ, ಸಿಗರೇಟು, ಗುಟ್ಕಾ ಇದ್ದರೆ ಮೊದಲು ಅದು ಹೋಗಲಿ. ಎದೆ ಹಿಂಡಿದಂತಾಗಿ, ನೋವು ಎಡಗೈಗೋ ದವಡೆಗೋ ಹರಿದು, ಬೆವರು ಬಂದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಮಲಗಬಾರದು. ತಕ್ಷಣ 108ಕ್ಕೆ ಕರೆಮಾಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಹೃದ್ರೋಗ ಕೇಂದ್ರದ ತಜ್ಞರು ನೋಡುತ್ತಾರೆ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ನೋವು ಶುರುವಾದ ಮೇಲೆ ಎಷ್ಟು ಬೇಗ ಅದು ಮೈಸೇರುತ್ತದೋ ಅಷ್ಟು ಹೃದಯ ಉಳಿಯುತ್ತದೆ. ಮೈಸೂರು ದೂರ, ಚನ್ನರಾಯಪಟ್ಟಣ, ಹೊಳೆನರಸೀಪುರ ಹತ್ತಿರ. ಇದೊಂದನ್ನು ನಿಮ್ಮ ಬೀದಿಯ ಎಲ್ಲರಿಗೂ ಹೇಳಿ.

ಪ್ರಶ್ನೆ: ತೆಂಗಿನ ಗರಿಯೆಲ್ಲ ಕಾಡಿಗೆ ಬಳಿದಂತೆ ಕಪ್ಪಾಗಿದೆ. ಬಿಳಿನೊಣ ಅಂತಾರೆ. ಡ್ರೋನ್‌ನಲ್ಲಿ ಔಷಧಿ ಹೊಡೆಸಲು ಬಾಡಿಗೆ ವಿಚಾರಿಸಿದ್ದೇನೆ. ಹೊಡೆಸಲೇ?

ಉತ್ತರ: ದಯವಿಟ್ಟು ಬೇಡ. ಇದು ಸುರುಳಿ ಬಿಳಿನೊಣ, ಮಧ್ಯ ಅಮೆರಿಕದ ಕಡೆಯ ಕೀಟ. ಭಾರತದಲ್ಲಿ ಮೊದಲು ಕಂಡದ್ದು 2016ರಲ್ಲಿ, ಪೊಳ್ಳಾಚಿಯ ಸೀಮೆಯಲ್ಲಿ. ಅದು ಕೂರುವುದು ಗರಿಯ ಕೆಳಮೈಗೆ, ಡ್ರೋನ್ ಸುರಿಯುವುದು ಮೇಲ್ಮೈಗೆ. ಕೀಟಕ್ಕೆ ತಾಕುವುದು ಅಷ್ಟಕ್ಕಷ್ಟೆ. ಅದಕ್ಕಿಂತ ದೊಡ್ಡ ನಷ್ಟ ಎಂದರೆ, ಎನ್ಕಾರ್ಸಿಯಾ ಎಂಬ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕಣಜ ಬಿಳಿನೊಣದ ಮರಿಯೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುತ್ತಿರುತ್ತದೆ. ವಿಷ ಹೊಡೆದರೆ ಮೊದಲು ಸಾಯುವುದು ಆ ಕಣಜವೇ. ಗರಿಯ ಹಿಂಭಾಗದಲ್ಲಿ ಮರಿಗಳು ಕಪ್ಪಗಾಗಿ ಕಂಡರೆ ಕಣಜ ಕೆಲಸ ಶುರುಮಾಡಿದೆ ಎಂದರ್ಥ. ಅಂಥ ಗರಿಯ ತುಂಡು ಕತ್ತರಿಸಿ, ಹೊಸದಾಗಿ ಬಿಳಿನೊಣ ಬಿದ್ದ ತೋಟದ ಮರಕ್ಕೆ ಕಟ್ಟಬಹುದು.

ಕಪ್ಪು ಎಂಬುದು ರೋಗವಲ್ಲ. ನೊಣ ಹೊರಬಿಡುವ ಅಂಟುರಸದ ಮೇಲೆ ಬೆಳೆದ ಬೂಸ್ಟು ಅದು. ಗಂಜಿ ಹದದ ಒಂದು ಪರ್ಸೆಂಟ್ ಪಿಷ್ಟದ ನೀರು ಸಿಂಪಡಿಸಿದರೆ ಒಣಗಿ ಹಪ್ಪಳದಂತೆ ಉದುರುತ್ತದೆ ಎಂದು ಕಾಸರಗೋಡಿನ ಕೇಂದ್ರೀಯ ತೋಟಗಾರಿಕೆ ಬೆಳೆಗಳ ಸಂಶೋಧನಾ ಸಂಸ್ಥೆ ಹೇಳುತ್ತದೆ. ಆ ಬೂಸ್ಟನ್ನೇ ತಿಂದು ಬದುಕುವ ಒಂದು ಜೀರುಂಡೆಯನ್ನೂ ಅಲ್ಲಿನವರು ಗುರುತಿಸಿದ್ದಾರೆ. ಎಳೆ ಗಿಡಗಳ ಗರಿಗೆ ರಭಸವಾಗಿ ನೀರು ಹೊಡೆಯಿರಿ, ಕಾಂಡಕ್ಕೆ ಹಳದಿ ಅಂಟುಹಾಳೆ ಸುತ್ತಿ. ಕಾಟ ಹೆಚ್ಚಾದರೆ ಬೆಂಗಳೂರಿನ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯಾದ ಎನ್‌ಬಿಎಐಆರ್ ಬೆಳೆಸಿರುವ ಇಸೇರಿಯಾ ಶಿಲೀಂಧ್ರವನ್ನು ಸಂಜೆ ಹೊತ್ತು, ಗರಿಯ ಕೆಳಗಿನಿಂದ ಸಿಂಪಡಿಸಿ. ಮರ ಸಾಯುವುದಿಲ್ಲ, ಹೆದರಬೇಡಿ. ಒಳ್ಳೆಯ ಮಳೆ ಬಂದರೆ ನೊಣ ತಾನೇ ತಗ್ಗುತ್ತದೆ. ಇದನ್ನು ಒಬ್ಬರೇ ಮಾಡಿದರೆ ಫಲ ಕಡಿಮೆ, ಅಕ್ಕಪಕ್ಕದ ತೋಟದವರನ್ನೂ ಒಪ್ಪಿಸಿ.

ಪ್ರಶ್ನೆ: ಆಲೂಗಡ್ಡೆಗೆ ಗಡ್ಡೆಯ ಬದಲು ಸಸಿ ನೆಡುತ್ತಾರಂತೆ. ಅಂಗಮಾರಿ ಬರುವುದಿಲ್ಲವೇ?

ಉತ್ತರ: ಬರಬಹುದು, ಅದು ಗಾಳಿಯಲ್ಲೂ ಹರಡುತ್ತದೆ. ಅನುಕೂಲ ಬೇರೆ ಕಡೆ ಇದೆ. ನಮ್ಮವರು ದಶಕಗಳಿಂದ ಜಲಂಧರದ ಬಿತ್ತನೆ ಗಡ್ಡೆಯನ್ನೇ ನಂಬಿದ್ದಾರೆ. ಅದರ ಜೊತೆ ಯಾವ ರೋಗ ಬರುತ್ತದೆ ಎಂಬುದು ಬಿತ್ತಿದ ಮೇಲೇ ಗೊತ್ತಾಗುವುದು. ಅಂಗಾಂಶ ಕೃಷಿಯ ಗಿಡದ ಕುಡಿ ಚಿವುಟಿ ಬೇರು ಬರಿಸಿದ ಎಆರ್‌ಸಿ ಸಸಿಯಲ್ಲಿ ಆ ಹೊರೆ ಇರುವುದಿಲ್ಲ. ಹಾಸನದ ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಇದರ ಕೆಲಸ ನಡೆದಿದೆ. ಪೂರ್ತಿ ಹೊಲಕ್ಕೆ ಬೇಡ, ಒಂದಷ್ಟು ಸಾಲು ನೆಟ್ಟು ಮುಂದಿನ ಬೆಳೆಯ ಬಿತ್ತನೆ ಗಡ್ಡೆಯನ್ನು ನೀವೇ ಮಾಡಿಕೊಳ್ಳಿ.

ಪ್ರಶ್ನೆ: ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರಿಕ್ಷದಲ್ಲಿ ಹೆಸರುಕಾಳು ಮೊಳಕೆ ಬರಿಸಿದರಂತೆ. ಅಲ್ಲಿ ಬೇರಿಗೆ ಕೆಳಗೆ ಯಾವುದು ಎಂದು ಹೇಗೆ ಗೊತ್ತಾಗುತ್ತದೆ? (ಪ್ರೌಢಶಾಲೆಯ ವಿದ್ಯಾರ್ಥಿನಿ)

ಉತ್ತರ: ಎಷ್ಟು ಒಳ್ಳೆಯ ಪ್ರಶ್ನೆ! 2025ರ ಜೂನ್ 25ರಂದು ಹೊರಟ ಆಕ್ಸಿಯಂ-4 ಯಾನದಲ್ಲಿ ಹೋದ ಹೆಸರುಕಾಳು ಮತ್ತು ಮೆಂತ್ಯದ ಪ್ರಯೋಗ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದು. ಬೇರಿನ ತುದಿಯ ಕೋಶಗಳಲ್ಲಿ ಪಿಷ್ಟದ ಭಾರವಾದ ಕಣಗಳಿರುತ್ತವೆ. ಅವು ಕೋಶದ ಯಾವ ಗೋಡೆಯ ಮೇಲೆ ಕೂರುತ್ತವೋ ಅದೇ ಬೇರಿಗೆ ಕೆಳದಿಕ್ಕು. ಅಂತರಿಕ್ಷ ನಿಲ್ದಾಣದಲ್ಲಿ ಕಣಗಳು ತೇಲುತ್ತವೆ, ಹಾಗಾಗಿ ಬೇರು ದಿಕ್ಕು ತಪ್ಪುತ್ತದೆ. ಅಲ್ಲಿ ನೀರು, ಬೆಳಕುಗಳೇ ಅದಕ್ಕೆ ದಾರಿ ತೋರಬೇಕು.

ಇದನ್ನು ನೀನೇ ನೋಡಬಹುದು. ಒದ್ದೆ ಬಟ್ಟೆಯಲ್ಲಿ ಹೆಸರುಕಾಳು ಕಟ್ಟಿ ಮೊಳಕೆ ಬರಿಸು. ಬೇರು ನೇರವಾಗಿ ಇಳಿದ ಒಂದು ಕಾಳನ್ನು ಗಾಜಿನ ಲೋಟದ ಒಳಬದಿಗೆ ಒದ್ದೆ ಹತ್ತಿಯಿಂದ ಅಂಟಿಸಿ, ಲೋಟವನ್ನು ಅಡ್ಡ ಮಲಗಿಸಿ ಕತ್ತಲಲ್ಲಿ ಇಡು. ಬೇರು ಮತ್ತೆ ನೆಲದ ಕಡೆ ಬಾಗಲು ಎಷ್ಟು ಗಂಟೆ ಬೇಕಾಯಿತು ಎಂದು ಬರೆದಿಟ್ಟುಕೊಂಡು ನಮಗೆ ಕಳಿಸು.