ಪಂಪನ್ನು ಬೈಯುವ ಮೊದಲು ಬ್ಯಾಟರಿ ನೋಡಿ

ಅಮೆರಿಕದಲ್ಲಿ ಹಳೇ ಆರ್‌ವಿ, ಅಂದರೆ ಮನೆಯಂಥ ಗಾಡಿ, ಕೊಂಡವರಿಗೆ ಈ ಪ್ರಸಂಗ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಮಧ್ಯಾಹ್ನದೊಳಗೆ ಕ್ಯಾಂಪ್‌ಗ್ರೌಂಡ್ ಖಾಲಿ ಮಾಡಬೇಕು, ಸ್ವಿಚ್ ಒತ್ತಿದರೆ ಹೊರಗೆ ಚಾಚಿದ ಗೋಡೆ ಒಳಗೆ ಬರುವುದಿಲ್ಲ. ಗಾಡಿ ನಿಂತಾಗ ಸೋಫಾ, ಊಟದ ಮೇಜಿನ ಸಮೇತ ಎರಡು ಮೂರು ಅಡಿ ಹೊರಗೆ ಸರಿಯುವ ಈ ಸ್ಲೈಡ್‌ಔಟನ್ನು ಇಂಡಿಯಾನಾದ ನ್ಯೂಮಾರ್ ಕಂಪನಿ 1990ರಲ್ಲಿ ತಂದಿತು. ಬಳಿಕ ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಭಾರದ ಕೋಣೆಗಳನ್ನು ತಳ್ಳುವ ಕೆಲಸ ಎಷ್ಟೋ ಗಾಡಿಗಳಲ್ಲಿ ಹೈಡ್ರಾಲಿಕ್ ಪಂಪಿನದು. ಆ ಪಂಪನ್ನು ತಿರುಗಿಸುವುದು ಬರೀ 12 ವೋಲ್ಟಿನ ಮೋಟರ್. ಹಾಗಾಗಿ ಗೋಡೆ ಕೈಕೊಟ್ಟಾಗ ಎಣ್ಣೆಯನ್ನು ಅನುಮಾನಿಸುವ ಮೊದಲು ಕರೆಂಟನ್ನು ಅನುಮಾನಿಸಿ.

1. ಕೀಲಿ, ಗೇರು, ಬ್ರೇಕು
ಹಲವು ಮೋಟರ್‌ಹೋಮ್‌ಗಳಲ್ಲಿ ಪಾರ್ಕಿಂಗ್ ಬ್ರೇಕ್ ಎಳೆಯದಿದ್ದರೆ ಸ್ಲೈಡ್ ಕದಲುವುದಿಲ್ಲ. ಕೆಲವು ಗಾಡಿಗಳಿಗೆ ಕೀಲಿ ಆಫ್ ಇರಬೇಕು, ಕೆಲವಕ್ಕೆ ಆನ್. ಒಳಗಿನ ಟ್ರಾವೆಲ್ ಲಾಕ್ ತೆಗೆದಿದ್ದೀರೋ ಇಲ್ಲವೋ ಅದನ್ನೂ ನೋಡಿ. ಇದಕ್ಕೆ ಎರಡು ನಿಮಿಷ ಸಾಕು, ಖರ್ಚಿಲ್ಲ.

2. ಸ್ವಿಚ್ ಒತ್ತಿ ಹಿಡಿದು ಮೀಟರ್ ಓದಿ
ಸುಮ್ಮನೆ ಕೂತ ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ತುಂಬಿದ್ದರೆ 12.6ರಿಂದ 12.7 ವೋಲ್ಟ್ ತೋರಿಸುತ್ತದೆ. 12.2 ಎಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಸ್ಲೈಡಿನ ಆಸೆ ಬಿಟ್ಟು ಮೊದಲು ಚಾರ್ಜ್ ಮಾಡಿ. ಚಾರ್ಜರ್ ತೆಗೆದ ಕೂಡಲೇ ಅಳೆದರೆ ಸಿಗುವುದು ಸುಳ್ಳು ಲೆಕ್ಕ. ಕೆಲವು ಗಂಟೆ ಬಿಟ್ಟು ಅಳೆಯಿರಿ.

ನಿಜವಾದ ಪರೀಕ್ಷೆ ಇರುವುದು ಪಂಪ್ ಓಡುವಾಗ. ಒಬ್ಬರು ಸ್ವಿಚ್ ಒತ್ತಲಿ, ಇನ್ನೊಬ್ಬರು ಬ್ಯಾಟರಿಯ ತುದಿಗಳಿಗೇ ಮೀಟರ್ ಹಿಡಿಯಲಿ. 12.6 ಇದ್ದದ್ದು 11ರ ಆಸುಪಾಸಿಗೆ ಇಳಿದರೆ ಗಾಬರಿ ಬೇಡ. 9ಕ್ಕೆ ಕುಸಿದರೆ ಬ್ಯಾಟರಿಯ ಕಥೆ ಮುಗಿದಿದೆ. ವಿಶ್ರಾಂತಿಯಲ್ಲಿ ಚೆನ್ನಾಗಿ ಕಂಡು ಕೆಲಸಕ್ಕೆ ಹಚ್ಚಿದಾಗ ಮಲಗಿಬಿಡುವುದು ಮುದಿ ಬ್ಯಾಟರಿಯ ಲಕ್ಷಣ. ಬ್ಯಾಟರಿಯಲ್ಲಿ 12ರ ಹತ್ತಿರ ನಿಂತು ಪಂಪಿನ ಬಳಿ ಮಾತ್ರ 9 ಬಂದರೆ ತಪ್ಪು ನಡುವಿನ ದಾರಿಯಲ್ಲಿದೆ. ಆಗ 4 ಮತ್ತು 5ನೇ ಸೂತ್ರಗಳಿಗೆ ಹೋಗಿ.

3. ಕ್ಯಾಂಪ್‌ಗ್ರೌಂಡಿನ ಪ್ಲಗ್ ನಂಬಬೇಡಿ
‘ಕರೆಂಟ್ ಹಾಕಿದ್ದೇವೆ, ಬ್ಯಾಟರಿ ಯಾಕೆ ಬೇಕು?’ ಎಂದು ಕೇಳುವವರು ಬಹಳ. ಹೊರಗಿನ ಕರೆಂಟನ್ನು 12 ವೋಲ್ಟಿಗೆ ಇಳಿಸುವ ಕನ್ವರ್ಟರ್ ಹಳೇ ಗಾಡಿಗಳಲ್ಲಿ ಸಾಮಾನ್ಯವಾಗಿ 45ರಿಂದ 55 ಆಂಪಿಯರಿನದು. ಹೈಡ್ರಾಲಿಕ್ ಪಂಪ್ ಭಾರ ಎಳೆಯುವಾಗ 100 ಆಂಪಿಯರ್ ದಾಟಬಹುದು. ಕೊರತೆ ತುಂಬುವುದು ಬ್ಯಾಟರಿ. ಅದು ಸತ್ತಿದ್ದರೆ ಪ್ಲಗ್ ಇದ್ದರೂ ದೀಪ ಉರಿದೀತೇ ಹೊರತು ಗೋಡೆ ಬಾರದು.

ತುರ್ತಿಗೆ ಒಂದು ದಾರಿಯಿದೆ. ಗಾಡಿ ಒಪ್ಪುವುದಾದರೆ ಎಂಜಿನ್ ಚಾಲೂ ಮಾಡಿ, ಡ್ಯಾಶ್‌ಬೋರ್ಡಿನ ಬ್ಯಾಟರಿ ಬೂಸ್ಟ್ ಸ್ವಿಚ್ ಒತ್ತಿ ಹಿಡಿಯಿರಿ. ಎಂಜಿನ್ ಬ್ಯಾಟರಿ ಮತ್ತು ಗಾಡಿಯೊಳಗಿನ ಮನೆ ಬಳಕೆಯ ಬ್ಯಾಟರಿ ಆ ಹೊತ್ತಿಗೆ ಒಂದಾಗುತ್ತವೆ. ಅಂದಹಾಗೆ, ನಿಮ್ಮ ಪಂಪ್ ಎರಡರಲ್ಲಿ ಯಾವ ಬ್ಯಾಟರಿಯಿಂದ ಓಡುತ್ತದೆ ಎಂಬುದನ್ನು ದಪ್ಪ ಕೇಬಲ್ ಹಿಡಿದು ಹುಡುಕಿ ಇಂದೇ ತಿಳಿದುಕೊಳ್ಳಿ.

4. ಕಿವಿಗೊಟ್ಟು ಕೇಳಿ
ಸ್ವಿಚ್ ಒತ್ತಿದಾಗ ಏನೂ ಸದ್ದಿಲ್ಲವೇ? ಫ್ಯೂಸ್, ಸ್ವಿಚ್, ಇಲ್ಲವೇ ಮೊದಲ ಸೂತ್ರದ ಬ್ರೇಕು.

‘ಟಕ್’ ಎಂದು ಸುಮ್ಮನಾಯಿತೇ? ಪಂಪಿನ ಪಕ್ಕದ ಸೊಲೆನಾಯ್ಡ್ ನೋಡಿ. ಅದರ ಎರಡು ದಪ್ಪ ಬೋಲ್ಟ್‌ಗಳಿಗೆ ಮೀಟರಿನ ಒಂದೊಂದು ಕಡ್ಡಿ ಇಟ್ಟು ಸ್ವಿಚ್ ಒತ್ತಿಸಿ. ಟಕ್ ಎಂದ ಮೇಲೆ ಓದು ಸೊನ್ನೆಯ ಹತ್ತಿರ ಬರಬೇಕು. 12ರಲ್ಲೇ ನಿಂತರೆ ಒಳಗಿನ ತಾಮ್ರದ ಮುಖಗಳು ಸುಟ್ಟಿವೆ. ಸೊಲೆನಾಯ್ಡಿನ ಬೆಲೆ ಪಂಪಿನ ಬೆಲೆಯ ಒಂದು ಚೂರು. ಈ ಅಳತೆ ತೆಗೆಯದೆ ‘ಪಂಪ್ ಹೋಗಿದೆ’ ಎನ್ನುವ ಮೆಕ್ಯಾನಿಕ್‌ಗೆ ನಮಸ್ಕಾರ ಹೇಳಿ ಕಳಿಸಿ.

ಮೋಟರ್ ನರಳುತ್ತಾ ನಿಧಾನ ತಿರುಗಿದರೆ ವೋಲ್ಟೇಜ್ ಕಡಿಮೆ, ಇಲ್ಲವೇ ಗೋಡೆಗೆ ಎಲ್ಲೋ ಅಡ್ಡಿ. ಬೆರಳು ತೆಗೆಯಿರಿ, ಒತ್ತಿ ಹಿಡಿದು ಹಟ ಮಾಡಬೇಡಿ. ಮೋಟರ್ ಸಲೀಸಾಗಿ ಓಡಿಯೂ ಗೋಡೆ ಅಲುಗದಿದ್ದರೆ ಮಾತ್ರ ಹೈಡ್ರಾಲಿಕ್ ಕಡೆ ತಿರುಗಿ. ಎಣ್ಣೆ ಕಡಿಮೆಯಾಗಿರಬಹುದು, ವಾಲ್ವ್ ತೆರೆಯದೆ ಇರಬಹುದು, ಮೋಟರ್ ಮತ್ತು ಪಂಪನ್ನು ಜೋಡಿಸುವ ಕಪ್ಲಿಂಗ್ ಮುರಿದಿರಬಹುದು.

5. ಅರ್ಥ್ ಕೇಬಲ್ ಉಜ್ಜಿ
ಒಂದು ಓಮಿನ ನೂರರಲ್ಲೊಂದು ಭಾಗದ ತಡೆ ಇದ್ದರೂ 100 ಆಂಪಿಯರ್ ಹರಿಯುವಾಗ 1 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ಮಿಶಿಗನ್, ಓಹಾಯೋ ಕಡೆ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಅಲ್ಲಿ ಓಡಿದ ಗಾಡಿಯಲ್ಲಿ ನೆಗೆಟಿವ್ ಕೇಬಲ್ ಚಾಸಿಗೆ ಬಿಗಿದ ಜಾಗ ತುಕ್ಕು ಹಿಡಿಯದೆ ಇರುವುದು ಕಷ್ಟ. ಬ್ಯಾಟರಿಯ ನೆಗೆಟಿವ್ ತುದಿಗೆ ಒಂದು ಕಡ್ಡಿ, ಪಂಪ್ ಮೋಟರಿನ ಮೈಗೆ ಇನ್ನೊಂದು ಇಟ್ಟು ಪಂಪ್ ಓಡಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಬಿಚ್ಚಿ, ತಂತಿ ಬ್ರಷ್‌ನಲ್ಲಿ ಲೋಹ ಹೊಳೆಯುವಂತೆ ಉಜ್ಜಿ, ಬಿಗಿಯಾಗಿ ಕೂರಿಸಿ. ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಕೈಯಲ್ಲಿ ಉಂಗುರ, ಬಳೆ ಬೇಡ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ನಿಜ, ಆದರೆ ಅಡ್ಡ ತಗಲಿದ ಉಂಗುರ ಕಾದು ಬೆರಳು ಸುಡುತ್ತದೆ.

6. ಎಣ್ಣೆ ನೋಡುವುದು ಎಲ್ಲವನ್ನೂ ಒಳಗೆಳೆದ ಮೇಲೆ
ಸ್ಲೈಡ್ ಹೊರಗಿದ್ದಾಗ ಎಣ್ಣೆ ಸಿಲಿಂಡರಿನೊಳಗೆ ಇರುತ್ತದೆ, ಟ್ಯಾಂಕ್ ಸಹಜವಾಗಿಯೇ ಇಳಿದಿರುತ್ತದೆ. ಅದನ್ನು ಕೊರತೆ ಎಂದು ತಿಳಿದು ತುಂಬಿಸಿದರೆ ಒಳಗೆಳೆಯುವಾಗ ಉಕ್ಕಿ ಚೆಲ್ಲುತ್ತದೆ. ಸ್ಲೈಡು, ಜಾಕು ಎಲ್ಲ ಒಳಗೆ ಬಂದ ಮೇಲೆ ಮಟ್ಟ ನೋಡಿ. ಬಹಳಷ್ಟು ಗಾಡಿಗಳು ಕೆಂಪು ಬಣ್ಣದ ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಎಣ್ಣೆ ಬಳಸುತ್ತವೆ. ಆದರೂ ಟ್ಯಾಂಕಿನ ಚೀಟಿ ಹೇಳಿದ್ದೇ ಅಂತಿಮ. ನೊರೆ ಕಂಡರೆ ಗಾಳಿ ಸೇರಿದೆ, ಪೂರ್ತಿ ಹೊರಗೆ, ಪೂರ್ತಿ ಒಳಗೆ ಕೆಲವು ಸಲ ಓಡಿಸಿ. ಹಾಲು ಬೆರೆಸಿದಂತೆ ಮಬ್ಬಾಗಿದ್ದರೆ ನೀರು ಸೇರಿದೆ, ಎಣ್ಣೆಯನ್ನೇ ಬದಲಿಸಿ.

7. ಸೋರಿಕೆಗೆ ಕೈ ಒಡ್ಡಬೇಡಿ
ಪಿನ್ನಿನ ಮೊನೆಯಷ್ಟು ತೂತಿನಿಂದ ಒತ್ತಡದಲ್ಲಿ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಹೊಕ್ಕರೆ ಆಸ್ಪತ್ರೆಯ ಆಪರೇಷನ್ನೇ ಗತಿ. ಪೈಪಿನ ಉದ್ದಕ್ಕೆ ರಟ್ಟು ಹಿಡಿದು ಹುಡುಕಿ.

8. ಕೈಯಿಂದ ಒಳಗೆಳೆಯುವುದನ್ನು ಮನೆ ಮುಂದೆಯೇ ಕಲಿಯಿರಿ
ಕೆಲವು ಪಂಪ್‌ಗಳ ಮೋಟರ್ ತುದಿಗೆ ಬ್ಯಾಟರಿ ಡ್ರಿಲ್ ಸಿಕ್ಕಿಸಿ ತಿರುಗಿಸಬಹುದು. ಕೆಲವದರಲ್ಲಿ ವಾಲ್ವ್ ಸಡಿಲಿಸಿ ನಾಲ್ಕು ಜನ ಸೇರಿ ನೂಕಬೇಕು. ಕ್ರಮ ತಿಳಿಯಲು ಗಾಡಿಯ ಕೈಪಿಡಿಗಿಂತ ಪಂಪ್ ಕಂಪನಿಯ ಕೈಪಿಡಿ ಹುಡುಕಿ. ಫ್ಲೀಟ್‌ವುಡ್, ಮೊನಾಕೊದಂಥ ದೊಡ್ಡ ಹೆಸರುಗಳೇ 2009ರ ಮಾರ್ಚಿನಲ್ಲಿ ದಿವಾಳಿ ಅರ್ಜಿ ಹಾಕಿದವು. ಆ ಕಾಲದ ಗಾಡಿಗೆ ತಯಾರಕರಿಂದ ಉತ್ತರ ಸಿಗುವ ಭರವಸೆ ಇಟ್ಟುಕೊಳ್ಳಬೇಡಿ. ಕೆಲಸ ಮುಗಿದ ಮೇಲೆ ವಾಲ್ವನ್ನು ಮತ್ತೆ ಬಿಗಿಯಲು ಮರೆತರೆ ತಿರುವಿನಲ್ಲಿ ಗೋಡೆ ತಾನೇ ಹೊರಗೆ ತೆವಳೀತು.

9. ಬ್ಯಾಟರಿಗೆ ನೀರು, ಅರ್ಧದಲ್ಲಿ ತಡೆ
ಊರಿನ ಮನೆಯಲ್ಲಿ ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿದವರಿಗೆ ಇದು ಹೊಸ ವಿದ್ಯೆಯಲ್ಲ. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಬೇಡಿ. 6 ವೋಲ್ಟಿನ ಗಾಲ್ಫ್ ಕಾರ್ಟ್ ಬ್ಯಾಟರಿ ಜೋಡಿಯಿದ್ದರೆ ಎರಡನ್ನೂ ಒಟ್ಟಿಗೇ ಬದಲಿಸಿ. ಪೂರ್ತಿ ಬರಿದಾದ ಬ್ಯಾಟರಿ ಮೈನಸ್ 7 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ್ದನ್ನು ಚಾರ್ಜಿಗೆ ಹಾಕಲೇಬಾರದು.

10. ಸದ್ದಿಲ್ಲದೆ ಕುಡಿಯುವವರನ್ನು ಹಿಡಿಯಿರಿ
ಗ್ಯಾಸ್ ಸೋರಿಕೆಯ ಅಲಾರ್ಮ್, ಫ್ರಿಜ್ಜಿನ ಬೋರ್ಡ್, ಸ್ಟೀರಿಯೊ ಇವೆಲ್ಲ ಸೇರಿ ಅರ್ಧ ಆಂಪಿಯರ್ ಎಳೆದರೂ ದಿನಕ್ಕೆ 12 ಆಂಪಿಯರ್ ಅವರ್. 100ರ ಬ್ಯಾಟರಿ ನಾಲ್ಕೇ ದಿನದಲ್ಲಿ ಅರ್ಧಕ್ಕಿಳಿಯುತ್ತದೆ. ಗಾಡಿ ನಿಲ್ಲಿಸಿಟ್ಟಾಗ ಡಿಸ್ಕನೆಕ್ಟ್ ಸ್ವಿಚ್ ಆರಿಸಿ. ಆ ಮೇಲೂ ಡಿಸಿ ಕ್ಲ್ಯಾಂಪ್ ಮೀಟರ್ ಏನಾದರೂ ತೋರಿಸಿದರೆ ಒಂದೊಂದೇ ಫ್ಯೂಸ್ ಕಿತ್ತು ಕಳ್ಳನನ್ನು ಹುಡುಕಿ.

11. ಲಿಥಿಯಂ ಹಾಕುವ ಮುನ್ನ ಲೆಕ್ಕ ಹಾಕಿ
ಲಿಥಿಯಂ ಹಗುರ, ಬಾಳಿಕೆಯೂ ಹೆಚ್ಚು, ಒಪ್ಪಿದೆ. ಆದರೆ 100 ಆಂಪಿಯರಿಗೆ ಮಿತಿ ಹಾಕಿದ ಒಂದೇ ಬ್ಯಾಟರಿ ಕೂರಿಸಿದರೆ ಪಂಪ್ ಶುರುವಾದ ಕ್ಷಣವೇ ಅದರೊಳಗಿನ ರಕ್ಷಣಾ ಬೋರ್ಡ್ ಕರೆಂಟ್ ಕಡಿದುಹಾಕಬಹುದು, ಇಡೀ ಗಾಡಿ ಕತ್ತಲಾಗುತ್ತದೆ. ಹಳೇ ಕನ್ವರ್ಟರಿನಿಂದ ಅದು ಪೂರ್ತಿ ತುಂಬುವುದೂ ಅನುಮಾನ. ಆಲ್ಟರ್ನೇಟರ್ ಕಾದು ಸುಡದಂತೆ ನಡುವೆ ಡಿಸಿ ಟು ಡಿಸಿ ಚಾರ್ಜರ್ ಬೇಕು. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡುವಂತಿಲ್ಲ. ಆರಿಝೋನಾದ ಕ್ವಾರ್ಟ್ಸೈಟ್ ಮರುಭೂಮಿಯಲ್ಲಿ ಚಳಿಗಾಲ ಕಳೆಯುವವರಿಗೆ ಸೋಲಾರ್ ಜೊತೆ ಲಿಥಿಯಂ ಒಪ್ಪುತ್ತದೆ. ವರ್ಷಕ್ಕೆರಡು ವಾರ ಪ್ಲಗ್ ಇರುವಲ್ಲಿ ತಂಗುವವರಿಗೆ ಗಾಲ್ಫ್ ಕಾರ್ಟ್ ಬ್ಯಾಟರಿ ಧಾರಾಳ ಸಾಕು.

12. ಒಳಗೆಳೆಯುವ ಮುನ್ನ ಏಣಿ ಹತ್ತಿ
ಸ್ಲೈಡಿನ ಮಾಡಿನ ಮೇಲೆ ಪೈನ್ ಎಲೆ, ಕಡ್ಡಿ, ನಿಂತ ನೀರು ಇದ್ದರೆ ಗುಡಿಸಿ. ಇಲ್ಲವಾದರೆ ಅವು ರಬ್ಬರ್ ಸೀಲ್ ಹರಿದು ಒಳಬರುತ್ತವೆ, ನೆಲದ ಪ್ಲೈವುಡ್ ಕೊಳೆಯುವುದು ಅಲ್ಲಿಂದಲೇ. ಕೊಳೆತು ಕುಗ್ಗಿದ ನೆಲದ ಮೇಲೆ ಗೋಡೆ ಓರೆಯಾಗಿ ಸರಿಯುತ್ತದೆ, ಪಂಪ್ ಹೆಚ್ಚು ಆಂಪಿಯರ್ ಎಳೆಯುತ್ತದೆ. ಆಮೇಲೆ ಬ್ಯಾಟರಿ ಎಷ್ಟು ಹೊಸದಿದ್ದರೂ ಸಾಲದು, ಬಡಗಿಯನ್ನೇ ಕರೆಸಬೇಕು.