ಪೆಟ್ಟಿಗೆಯಲ್ಲಿ ಉಳಿದ ಕುವೈತಿನ ನೋಟುಗಳು: ಅವನ್ನು ಗುರುತಿಸುವ ಬಗೆ

ಮಡಂತ್ಯಾರಿನ ಸುತ್ತಮುತ್ತ ಕುವೈತಿನ ಹೆಸರನ್ನು ಕೇಳದ ಮನೆಯು ದುರ್ಲಭ. ತಂದೆಯಾಗಲಿ, ಸೋದರಮಾವನಾಗಲಿ, ನೆರೆಯವರಾಗಲಿ ಅಲ್ಲಿ ದುಡಿದು ಬಂದವರಿರುವರು. ಅಂಥವರ ಪೆಟ್ಟಿಗೆಯ ತಳದಲ್ಲಿ ಆ ದೇಶದ ಒಂದೆರಡು ನೋಟುಗಳು ಉಳಿದಿರುವುದೂ ಉಂಟು.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ಚರಿತ್ರೆಯ ಪಾಠದ ವೇಳೆಗೆ ಇಂತಹ ಮೂರು ನೋಟುಗಳನ್ನು ಪುಸ್ತಕದೊಳಗೆ ಇಟ್ಟುಕೊಂಡು ಬಂದಳು. 1990ರಲ್ಲಿ ಅವಳ ಅಜ್ಜನವರು ಕುವೈತಿನಿಂದ ಮರಳುವಾಗ ತಂದವುಗಳವು. ಅಜ್ಜನವರು ತೀರಿಕೊಂಡ ಮೇಲೆ ಅಜ್ಜಿಯವರು ಅವನ್ನು ಮೊಮ್ಮಗಳ ಮುಂದಿನ ಓದಿಗೆಂದು ಜೋಪಾನ ಮಾಡಿದ್ದರು. “ಟೀಚರೇ, ಇವಕ್ಕೆ ಈಗ ಎಷ್ಟು ಬರಬಹುದು?” ಎಂದು ಅವಳು ಕೇಳಿದಳು. ಉತ್ತರವು ನನಗೆ ಕೂಡಲೇ ತಿಳಿಯಲಿಲ್ಲ. ಅದನ್ನು ಹುಡುಕುತ್ತಾ ತರಗತಿಯವರೆಲ್ಲರೂ ಕಲಿತುದನ್ನು ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಇಲ್ಲಿ ತಿಳಿಸುತ್ತೇನೆ.

ಮೊದಲು ಅಂಕಿಗಳನ್ನು ಅರಿಯಬೇಕು. ಕುವೈತಿನ ನೋಟಿನ ಒಂದು ಮುಖವು ಅರಬ್ಬೀ ಭಾಷೆಯಲ್ಲಿಯೂ ಇನ್ನೊಂದು ಇಂಗ್ಲಿಷಿನಲ್ಲಿಯೂ ಇರುತ್ತದೆ. ಅರಬ್ಬೀ ಅಕ್ಷರಗಳನ್ನು ಬಲದಿಂದ ಎಡಕ್ಕೆ ಓದತಕ್ಕದ್ದು. ಅಂಕಿಗಳನ್ನಾದರೋ ನಮ್ಮಂತೆಯೇ ಎಡದಿಂದ ಬಲಕ್ಕೆ. ಒಂದು ಎಂಬುದು ನೆಟ್ಟಗಿನ ಗೆರೆ. ಅದರ ತುದಿಗೆ ಒಂದು ಕೊಕ್ಕೆಯಿದ್ದರೆ ಎರಡು, ಎರಡು ಕೊಕ್ಕೆಗಳಿದ್ದರೆ ಮೂರು. ನಾಲ್ಕು ನಾವು ಬರೆಯುವ 3ನ್ನು ತಿರುಗಿಸಿದಂತೆ, ಆರು ನಮ್ಮ 7ರಂತೆ. ಏಳು ಮೇಲಕ್ಕೆ ತೆರೆದ ಕವಲು. ಎಂಟು ಮನೆಯ ಮಾಡಿನಂತೆ ಕೆಳಕ್ಕೆ ತೆರೆದದ್ದು. ಒಂಬತ್ತು ಬಹುಮಟ್ಟಿಗೆ ನಮ್ಮದೇ. ಕನ್ನಡ ಬಲ್ಲವರು ತಪ್ಪುವುದು ಐದರಲ್ಲಿ. ಅದು ಕನ್ನಡದ ಸೊನ್ನೆಯಂತಹ ಪುಟ್ಟ ವರ್ತುಲ. ಅವರ ಸೊನ್ನೆಯು ಒಂದು ಚುಕ್ಕೆ ಮಾತ್ರ. ಬಾಲಕಿಯ ನೋಟುಗಳಲ್ಲಿ ಗೆರೆಯೂ ಚುಕ್ಕೆಯೂ ಇದ್ದುವು: ಹತ್ತು ದಿನಾರು.

ಎರಡನೆಯದಾಗಿ ಇಸವಿ. ಮಕ್ಕಳು ಅಂಕಿಗಳನ್ನು ಕಲಿತೊಡನೆ ನೋಟಿನಲ್ಲಿ 1968 ಎಂದು ಓದಿ, ಅದೇ ಅಚ್ಚಾದ ವರ್ಷವೆಂದು ಸಂತೋಷಪಟ್ಟರು. ಅದು ಸರಿಯಲ್ಲ. ಕುವೈತಿನ ಕೇಂದ್ರ ಬ್ಯಾಂಕನ್ನು ಸ್ಥಾಪಿಸಿದ ಕಾನೂನಿನ ವರ್ಷವದು. ಆ ಕಾನೂನಿನ ಮೇರೆಗೆ 1970ರಲ್ಲಿ ಹೊರಟ ನೋಟಿಗೂ 1994ರಲ್ಲಿ ಹೊರಟ ನೋಟಿಗೂ ಅದೇ ಇಸವಿ. ಆದುದರಿಂದ ಇಸವಿಯೊಂದನ್ನೇ ನಂಬದೆ ಸರಣಿಯನ್ನು ಗುರುತಿಸಬೇಕು.

ಸರಣಿಗಳ ಮೊದಲನೆಯ ಅಧ್ಯಾಯವು ನಮ್ಮ ದೇಶದ್ದೇ. ಕುವೈತಿನಲ್ಲಿ ಬಹುಕಾಲ ಭಾರತದ ರೂಪಾಯಿಯೇ ನಡೆಯುತ್ತಿತ್ತು. ಅಲ್ಲಿ ರೂಪಾಯಿಯಿಂದ ಚಿನ್ನವನ್ನು ಕೊಂಡು ಭಾರತಕ್ಕೆ ಕಳ್ಳತನದಿಂದ ಸಾಗಿಸುತ್ತಿದ್ದುದರಿಂದ ನಮ್ಮ ವಿದೇಶೀ ಹಣದ ಸಂಗ್ರಹವು ಕರಗತೊಡಗಿತು. ಇದನ್ನು ತಡೆಯಲು 1959ರಲ್ಲಿ ಕೊಲ್ಲಿ ರಾಜ್ಯಗಳಿಗೆಂದೇ ಪ್ರತ್ಯೇಕ ರೂಪಾಯಿ ನೋಟುಗಳನ್ನು ಬೇರೆ ಬಣ್ಣದಲ್ಲಿ ಹೊರಡಿಸಲಾಯಿತು. ಅವುಗಳ ಸಂಖ್ಯೆಯು ಝಡ್ ಅಕ್ಷರದಿಂದ ಆರಂಭವಾಗುತ್ತದೆ. 1961ನೆಯ ಏಪ್ರಿಲ್ 1ರಂದು ಕುವೈತು ತನ್ನ ಸ್ವಂತ ದಿನಾರನ್ನು ತಂದಿತು. ಒಂದು ದಿನಾರಿಗೆ 13⅓ ರೂಪಾಯಿಗಳಂತೆ ಬದಲಾವಣೆಯಾಯಿತು.

ದಿನಾರಿನ ಒಂದನೆಯ ಸರಣಿಯಲ್ಲಿ ಅಮೀರರಾದ ಶೇಖ್ ಅಬ್ದುಲ್ಲಾ ಅಲ್ ಸಾಲೆಮರ ಚಿತ್ರವೂ, ಎರಡನೆಯದರಲ್ಲಿ ಶೇಖ್ ಸಬಾಹ್ ಅಲ್ ಸಾಲೆಮರ ಚಿತ್ರವೂ ಇವೆ. 1980ರ ಮೂರನೆಯ ಸರಣಿಯಲ್ಲಿ ಅಮೀರರ ಚಿತ್ರವಿಲ್ಲ, ರಾಜ್ಯದ ಲಾಂಛನವಿದೆ. ರೆಕ್ಕೆ ಹರಡಿದ ಗಿಡುಗವೊಂದು ಹಾಯಿಹಡಗನ್ನು ಹಿಡಿದಿರುವುದು ಆ ಲಾಂಛನ. ನಾಲ್ಕನೆಯ ಸರಣಿಯು ಮೂರನೆಯದರ ಚಿತ್ರಗಳನ್ನೇ ಉಳಿಸಿಕೊಂಡು ಬಣ್ಣವನ್ನು ಮಾತ್ರ ಬದಲಾಯಿಸಿಕೊಂಡಿತು. ಐದನೆಯದು 1994ರಲ್ಲಿಯೂ ಆರನೆಯದು 2014ರಲ್ಲಿಯೂ ಬಂದುವು.

ಚಿತ್ರ ಅದೇ, ಬಣ್ಣ ಬೇರೆ, ಇದಕ್ಕೆ ಕಾರಣವೇನು? 1990ನೆಯ ಆಗಸ್ಟ್ 2ರಂದು ಇರಾಕಿನ ಸೈನ್ಯವು ಕುವೈತನ್ನು ಆಕ್ರಮಿಸಿ, ಕೇಂದ್ರ ಬ್ಯಾಂಕಿನಲ್ಲಿದ್ದ ನೋಟುಗಳನ್ನು ರಾಶಿರಾಶಿಯಾಗಿ ಕೊಂಡೊಯ್ದಿತು. ಬಿಡುಗಡೆಯಾದ ಮೇಲೆ 1991ನೆಯ ಮಾರ್ಚ್ 24ರಂದು ಹೊಸ ಬಣ್ಣದ ನಾಲ್ಕನೆಯ ಸರಣಿಯನ್ನು ತಂದು, ಹಳೆಯವುಗಳ ಬದಲಾವಣೆಗೆ ಅಲ್ಪಕಾಲದ ಅವಕಾಶವನ್ನಿತ್ತು, ಮೂರನೆಯದನ್ನು ರದ್ದುಗೊಳಿಸಿದರು. ಕಳ್ಳರ ಕೈಯ ನೋಟಿನ ಬೆಲೆಯನ್ನು ಕಳೆಯಲು ಬೇರೆ ದಾರಿಯಿರಲಿಲ್ಲ. ಆದರೆ ಬೆವರು ಸುರಿಸಿ ಸಂಪಾದಿಸಿ, ಊರಿಗೆ ತಂದು ಪೆಟ್ಟಿಗೆಯಲ್ಲಿಟ್ಟವರ ನೋಟುಗಳೂ ಅದರೊಡನೆ ಬೆಲೆಗೆಟ್ಟುವು.

ಬಾಲಕಿಯ ನೋಟುಗಳಲ್ಲಿ ಅಮೀರರ ಚಿತ್ರವಿರಲಿಲ್ಲ, ಲಾಂಛನವಿತ್ತು. ಆದುದರಿಂದ ಅವು ಮೂರನೆಯ ಸರಣಿಯವೋ ಅದರ ನಂತರದವೋ ಆಗಿರಬೇಕು. ಹೋಲಿಸಿ ನೋಡಲು ನಮ್ಮಲ್ಲಿ ಮತ್ತೊಂದು ನೋಟಿರಲಿಲ್ಲ. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಅಜ್ಜ ಬಂದದ್ದು 1990ರಲ್ಲಲ್ಲವೇ ಟೀಚರ್? ನಾಲ್ಕನೆಯದು ಆಗ ಹುಟ್ಟಿರಲೇ ಇಲ್ಲ” ಎಂದಳು. ಕಾಗದವು ಹೇಳದುದನ್ನು ಮನೆಯ ಕಥೆಯು ಹೇಳಿತು.

ಆ ಶನಿವಾರ ನಾನು ಅವರ ಮನೆಗೆ ಹೋದೆನು. ಪೇಟೆಯಲ್ಲಿ ಯಾರೋ ಒಬ್ಬರು, ಮೊದಲು ಸ್ವಲ್ಪ ಹಣ ಕೊಟ್ಟರೆ ಇವನ್ನು ಬದಲಾಯಿಸಿಕೊಡುವೆನೆಂದು ಅಜ್ಜಿಯವರಿಗೆ ಹೇಳಿದ್ದರಂತೆ. “ಅಮ್ಮಾ, ಇವು ಈಗ ಹಣವಲ್ಲ. ಯಾರಿಗೂ ಏನೂ ಕೊಡಬೇಡಿರಿ” ಎಂದೆನು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, ಅಜ್ಜನವರು ಕುವೈತಿನಿಂದ ಇರಾಕಿನ ಮಾರ್ಗವಾಗಿ ಜೋರ್ಡನ್ನಿಗೆ ಬಂದುದನ್ನೂ, ಅಮ್ಮಾನಿನಲ್ಲಿ ವಿಮಾನಕ್ಕಾಗಿ ಕಾದುದನ್ನೂ ಒಂದೊಂದಾಗಿ ಹೇಳತೊಡಗಿದರು. ಆ ವರ್ಷ ಆಗಸ್ಟಿನಿಂದ ಅಕ್ಟೋಬರದವರೆಗೆ ಹಾಗೆ ವಿಮಾನದಲ್ಲಿ ಮರಳಿದ ಭಾರತೀಯರು ಒಂದು ಲಕ್ಷಕ್ಕೂ ಮಿಕ್ಕಿದವರು. ಮೊಮ್ಮಗಳು ಆ ಕಥೆಯನ್ನು ಅದೇ ಮೊದಲ ಬಾರಿಗೆ ಕೇಳಿದಳು. ಕೇಳುತ್ತಲೇ ನೋಟುಪುಸ್ತಕದಲ್ಲಿ ಬರೆದುಕೊಂಡಳು.

ಪೋಷಕರಲ್ಲಿ ನನ್ನ ವಿನಂತಿಯಿಷ್ಟೆ. ಇಂತಹ ನೋಟು ನಿಮ್ಮಲ್ಲಿದ್ದರೆ ಅಂಟು ಹಚ್ಚಬೇಡಿರಿ, ತೊಳೆಯಬೇಡಿರಿ, ಇಸ್ತ್ರಿ ಹಾಕಬೇಡಿರಿ. ಆಟಿ ತಿಂಗಳ ತೇವಕ್ಕೆ ಬೂಷ್ಟು ಹಿಡಿಯದಂತೆ ಒಣಗಿದ ಬಿಳಿಯ ಕಾಗದದ ನಡುವೆ ಚಪ್ಪಟೆಯಾಗಿಡಿರಿ, ಬಿಸಿಲಿಗೆ ಒಡ್ಡಬೇಡಿರಿ. ಯಾರು, ಯಾವಾಗ, ಹೇಗೆ ತಂದರೆಂಬುದನ್ನು ಬೇರೊಂದು ಚೀಟಿಯಲ್ಲಿ ಬರೆದು ಜೊತೆಗಿಡಿರಿ. ಸರಣಿಯನ್ನು ನಾಳೆ ಯಾರಾದರೂ ಪುಸ್ತಕ ನೋಡಿ ಹೇಳಿಯಾರು. ಚೀಟಿಯನ್ನು ಬರೆಯಬಲ್ಲವರು ಮನೆಯ ಹಿರಿಯರು ಮಾತ್ರ. ಅವರಿರುವಾಗಲೇ ಅದನ್ನು ಬರೆಯಿಸಿಕೊಳ್ಳತಕ್ಕದ್ದು.