ಓರೆ ಹಲ್ಲಿನ ಚಿಕಿತ್ಸೆ: ಲಿಂಗಂಪಲ್ಲಿಯ ಕುಟುಂಬಗಳಿಗೆ ತಿಳಿವಳಿಕೆ

ಹಲ್ಲಿನ ಸಾಲು ನೆಟ್ಟಗಿರುವುದು ಕೇವಲ ಅಂದದ ವಿಷಯವಲ್ಲ. ಒತ್ತೊತ್ತಾಗಿ ಬೆಳೆದ ಹಲ್ಲುಗಳ ಸಂದಿನಲ್ಲಿ ಆಹಾರದ ಕಣಗಳು ಉಳಿದು ಹುಳುಕಿಗೂ ವಸಡಿನ ರೋಗಕ್ಕೂ ಎಡೆಯಾಗುತ್ತದೆ. ಮಕ್ಕಳು ಆಡುವಾಗ ಬಿದ್ದರೆ ಮುಂದಕ್ಕೆ ಉಬ್ಬಿದ ಹಲ್ಲುಗಳು ಸುಲಭವಾಗಿ ಮುರಿಯುತ್ತವೆ. ಈ ದೋಷಗಳನ್ನು ಸರಿಪಡಿಸುವ ದಂತವೈದ್ಯ ಶಾಖೆಗೆ ಆರ್ಥೊಡಾಂಟಿಕ್ಸ್ ಎಂದು ಹೆಸರು. ಜನರ ಮಾತಿನಲ್ಲಿ ಇದು ‘ಕ್ಲಿಪ್ ಹಾಕಿಸುವುದು’.

ಕಾರಣಗಳು

ದವಡೆ ಮತ್ತು ಹಲ್ಲುಗಳ ಗಾತ್ರ ಬಹುಮಟ್ಟಿಗೆ ವಂಶದಿಂದ ಬರುತ್ತದೆ. ಇವೆರಡೂ ಹೊಂದದಿದ್ದಲ್ಲಿ ಹಲ್ಲುಗಳಿಗೆ ಸ್ಥಳ ಸಾಲದು. ಬಹುಕಾಲ ಬೆರಳು ಚೀಪುವ ಅಭ್ಯಾಸವೂ ಹಾಲುಹಲ್ಲು ಅವಧಿಗೆ ಮುನ್ನ ಬೀಳುವುದೂ ದೋಷಕ್ಕೆ ಕಾರಣಗಳೇ. ಹಾಲುಹಲ್ಲು ಶಾಶ್ವತ ಹಲ್ಲಿನ ಸ್ಥಳವನ್ನು ಕಾಯ್ದಿರಿಸುತ್ತದೆ. ಅದು ಹೇಗೂ ಉದುರುವುದೆಂಬ ಉದಾಸೀನ ಸಲ್ಲದು. ಮಗುವಿಗೆ 7 ವರ್ಷ ತುಂಬುವ ವೇಳೆಗೆ ಒಮ್ಮೆ ತಪಾಸಣೆ ಮಾಡಿಸುವುದು ಒಳ್ಳೆಯದು.

ಚಿಕಿತ್ಸೆಯ ಕ್ರಮ

ಮೊದಲು ಕ್ಷ-ಕಿರಣ ಚಿತ್ರ ಮತ್ತು ಹಲ್ಲುಸಾಲಿನ ಅಚ್ಚನ್ನು ತೆಗೆದು ಯೋಜನೆ ಸಿದ್ಧಪಡಿಸಲಾಗುತ್ತದೆ. ಸ್ಥಳ ತೀರ ಕಡಿಮೆಯಿದ್ದರೆ ಕೆಲವು ಹಲ್ಲುಗಳನ್ನು ಕೀಳಬೇಕಾಗಬಹುದು. ಅನಂತರ ಹಲ್ಲುಗಳಿಗೆ ಚಿಕ್ಕ ಬಿಲ್ಲೆಗಳನ್ನು ಅಂಟಿಸಿ ತಂತಿ ಜೋಡಿಸುತ್ತಾರೆ. ತಂತಿಯ ಮೆದುವಾದ ಒತ್ತಡ ಬಿದ್ದ ಬದಿಯಲ್ಲಿ ಮೂಳೆ ಕರಗುತ್ತದೆ. ಎದುರು ಬದಿಯಲ್ಲಿ ಹೊಸ ಮೂಳೆ ಬೆಳೆಯುತ್ತದೆ. ಹಲ್ಲು ತಿಂಗಳಿಗೆ ಸುಮಾರು 1 ಮಿ.ಮೀ.ನಷ್ಟು ಮಾತ್ರ ಸರಿಯುತ್ತದೆ. ಆತುರಪಟ್ಟು ಒತ್ತಡ ಹೆಚ್ಚಿಸಿದರೆ ಹಲ್ಲಿನ ಬೇರು ಸವೆಯುವ ಅಪಾಯವಿದೆ. ಆದುದರಿಂದಲೇ ಚಿಕಿತ್ಸೆಗೆ ಸಾಮಾನ್ಯವಾಗಿ ಒಂದೂವರೆ ಎರಡು ವರ್ಷ ಬೇಕಾಗುತ್ತದೆ. 4ರಿಂದ 8 ವಾರಗಳಿಗೊಮ್ಮೆ ವೈದ್ಯರನ್ನು ಕಾಣಬೇಕು.

ವೈದ್ಯರ ಆಯ್ಕೆ

ಇಷ್ಟು ದೀರ್ಘ ಚಿಕಿತ್ಸೆಗೆ ಮನೆಯ ಸಮೀಪದ ವೈದ್ಯರೇ ಅನುಕೂಲ. ಆದರೆ ಸಾಮೀಪ್ಯಕ್ಕಿಂತ ಅರ್ಹತೆ ಮುಖ್ಯ. ಬಿ.ಡಿ.ಎಸ್. ಸಾಮಾನ್ಯ ದಂತವೈದ್ಯರ ಪದವಿ; ಆರ್ಥೊಡಾಂಟಿಕ್ಸ್‌ನಲ್ಲಿ ಎಂ.ಡಿ.ಎಸ್. ಪಡೆದವರು ಈ ಚಿಕಿತ್ಸೆಯ ತಜ್ಞರು. ವೈದ್ಯರ ಪದವಿಯನ್ನೂ ರಾಜ್ಯದ ನೋಂದಣಿ ಸಂಖ್ಯೆಯನ್ನೂ ಕೇಳಿ ತಿಳಿಯಲು ಸಂಕೋಚಪಡಬೇಕಾಗಿಲ್ಲ. ಒಟ್ಟು ವೆಚ್ಚವನ್ನೂ ಅದರಲ್ಲಿ ಏನೇನು ಸೇರಿದೆ ಎಂಬುದನ್ನೂ ಮೊದಲೇ ಬರೆಸಿಕೊಳ್ಳುವುದು ಕ್ಷೇಮ.

ಸರ್ಕಾರಿ ಸೇವೆಯನ್ನು ಬಯಸುವವರಿಗೆ ಹೈದರಾಬಾದಿನ ಅಫ್ಜಲ್‌ಗಂಜ್‌ನಲ್ಲಿ ಸರ್ಕಾರಿ ದಂತವೈದ್ಯ ಕಾಲೇಜು ಮತ್ತು ಆಸ್ಪತ್ರೆ ಇದೆ. ಲಿಂಗಂಪಲ್ಲಿಯಿಂದ ಉಪನಗರ ರೈಲಿನಲ್ಲಿ ನಾಂಪಲ್ಲಿಗೆ ಹೋಗಿ ಅಲ್ಲಿಂದ ಮುಂದುವರಿಯಬಹುದು. ಪ್ರತಿ ಭೇಟಿಗೂ ಅರ್ಧ ದಿನ ಹಿಡಿಯಬಹುದು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ನಿರ್ಧರಿಸಬೇಕು. ಚಿಕಿತ್ಸೆಯ ನಡುವೆ ಬೀದರ್, ಕಲಬುರಗಿ ಮೊದಲಾದ ಊರುಗಳಿಗೆ ವರ್ಗವಾಗಿ ಹೋಗುವವರು ಕ್ಷ-ಕಿರಣ ಚಿತ್ರ, ಅಚ್ಚು ಮತ್ತು ಚಿಕಿತ್ಸೆಯ ವಿವರಗಳನ್ನು ಪಡೆದು ಹೊಸ ತಜ್ಞರಿಗೆ ಒಪ್ಪಿಸತಕ್ಕದ್ದು.

ಮನೆಯ ಎಚ್ಚರಿಕೆ

ಪ್ರತಿ ಊಟದ ನಂತರ ಹಲ್ಲುಜ್ಜಬೇಕು. ಇಲ್ಲವಾದರೆ ಬಿಲ್ಲೆಗಳ ಸುತ್ತ ಬಿಳಿ ಕಲೆಗಳಾಗಿ ಹುಳುಕು ಆರಂಭವಾಗುತ್ತದೆ. ಚಕ್ಕುಲಿ, ಕಬ್ಬು, ಚಿಕ್ಕಿ, ಅಂಟು ಮಿಠಾಯಿಗಳನ್ನು ಬಿಡಬೇಕು. ತಂತಿ ತೆಗೆದ ಮೇಲೆ ಹಲ್ಲುಗಳು ಹಳೆಯ ಸ್ಥಾನಕ್ಕೆ ಮರಳಲು ಎಳಸುತ್ತವೆ. ಅದನ್ನು ತಡೆಯುವ ರಿಟೇನರ್ ಎಂಬ ಸಾಧನವನ್ನು ವೈದ್ಯರು ಹೇಳಿದಷ್ಟು ಕಾಲ ಧರಿಸದಿದ್ದರೆ ಎರಡು ವರ್ಷಗಳ ಶ್ರಮವೂ ಹಣವೂ ವ್ಯರ್ಥವಾಗುತ್ತದೆ. ತಜ್ಞರ ಕೌಶಲದೊಡನೆ ಮನೆಯವರ ತಾಳ್ಮೆಯೂ ಸೇರಿದಾಗಲೇ ಈ ಚಿಕಿತ್ಸೆ ಫಲಿಸುತ್ತದೆ.